ಮೂವತ್ತೆಂಟು ಅಂದರೆ ಯಾವ ಮೂವತ್ತೆಂಟು? ಕಾರ್ಕಳದ ಒಂದು ರಿವಾಲ್ವರಿನ ಪ್ರಕರಣ

ಜೂನ್ ಕೊನೆಯ ವಾರ. ಮಂಗಳೂರಿನಲ್ಲಿ ಮಳೆ ಬಿಡುವು ಕೊಟ್ಟಿರಲಿಲ್ಲ. ನಾನು ವಾರಕ್ಕೆ ಮೂರು ದಿನ ಕೂರುವ ಕೋವಿ ಅಂಗಡಿಗೆ ಕಾರ್ಕಳ ಕಡೆಯ ಒಬ್ಬ ಹೆಂಗಸು ಬಂದರು. ಕೈಯಲ್ಲಿ ಬೈರಾಸಿನಲ್ಲಿ, ಅಂದರೆ ಟವೆಲಿನಲ್ಲಿ, ಸುತ್ತಿದ ಗಂಟು, ಪ್ಲಾಸ್ಟಿಕ್ ಕವರಿನಲ್ಲಿ ಕಾಗದಪತ್ರ. "ಅಜ್ಜನ ಬೆಡಿ. ಅಜ್ಜ ಹೋಗಿ ಇಪ್ಪತ್ತು ದಿನ ಆಯಿತು. ಠಾಣೆಯಲ್ಲಿ ಹೇಳಿ ಬಂದಿದ್ದೇನೆ, ಇಲ್ಲಿ ಠೇವಣಿ ಇಡಬಹುದು ಅಂದರು" ಎಂದರು.

ಅವರು ಮಾಡಿದ್ದು ಸರಿಯೇ. ಲೈಸೆನ್ಸ್ ಇದ್ದವರು ತೀರಿಕೊಂಡರೆ ಅವರ ಬಂದೂಕನ್ನು ಮನೆಯವರು ಹಾಗೇ ಇಟ್ಟುಕೊಳ್ಳುವಂತಿಲ್ಲ. 1959ರ ಆಯುಧ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಠಾಣೆಯಲ್ಲೋ ಲೈಸೆನ್ಸ್ ಇರುವ ವ್ಯಾಪಾರಿಯ ಬಳಿಯೋ ತಡಮಾಡದೆ ಠೇವಣಿ ಇಡಬೇಕು. ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು, ಇಲ್ಲವೇ ಬಂದೂಕನ್ನೇ ಬಿಟ್ಟುಕೊಡಬಹುದು.

ನಮ್ಮ ಅಂಗಡಿಗೆ ರಿವಾಲ್ವರ್ ಬರುವುದು ಅಪರೂಪ. ಇಲ್ಲಿ ಬರುವುದೆಲ್ಲ ಹಂದಿ, ಮಂಗನ ಕಾಟಕ್ಕೆ ಇಟ್ಟುಕೊಂಡ ಬೆಳೆ ರಕ್ಷಣೆಯ ಕೋವಿಗಳು. ಚುನಾವಣೆ ಬಂತು ಅಂದರೆ ಠೇವಣಿಗೆ ಸಾಲು ನಿಲ್ಲುತ್ತವೆ, ಮುಗಿದ ಮೇಲೆ ಮತ್ತೆ ತೋಟಕ್ಕೆ ಹೋಗುತ್ತವೆ. ನಾನು ಸೇನೆಯಲ್ಲಿ ಆರ್ಮರರ್, ಅಂದರೆ ಬಂದೂಕು ರಿಪೇರಿಯವನು, ಆಗಿದ್ದವನು. ಹಾಗಾಗಿ ಬೈರಾಸು ಬಿಚ್ಚಿದಾಗ ಸ್ವಲ್ಪ ಖುಷಿಯೇ ಆಯಿತು. ಒಳಗಿದ್ದದ್ದು ಸ್ಮಿತ್ ಆಂಡ್ ವೆಸನ್ ವಿಕ್ಟರಿ ಮಾಡೆಲ್. ಎರಡನೇ ಮಹಾಯುದ್ಧದ ಬಂದೂಕು.

ಲೈಸೆನ್ಸ್ ಪುಸ್ತಕ 1958ರದ್ದು. ಘಟ್ಟದ ಮೇಲೆ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದ ಅಜ್ಜ, ಊರಿಗೆ ಹೊರಟ ಇಂಗ್ಲಿಷ್ ದೊರೆಯಿಂದ ಇದನ್ನು ಕೊಂಡಿದ್ದರಂತೆ. ಪುಸ್ತಕದಲ್ಲಿ ಬರೆದದ್ದು ಇಷ್ಟೇ: "ರಿವಾಲ್ವರ್, .38 ಬೋರ್" ಮತ್ತು ನಂಬರ್. ಬೋರ್ ಅಂದರೆ ನಳಿಗೆಯ ಒಳ ಅಳತೆ. ಮೊಮ್ಮಗಳ ಪ್ರಶ್ನೆಯೂ ಅಷ್ಟೇ ಚಿಕ್ಕದು. "ಅರ್ಜಿಯಲ್ಲಿ ಬೋರ್ ಅನ್ನುವ ಕಡೆ .38 ಅಂತಲೇ ಬರೆದರೆ ಸಾಕಲ್ವಾ?"

ಸಾಕು ಅಂತ ಹೇಳಿಬಿಡುತ್ತಿದ್ದೆ. ಹೇಳಿಯೂ ಬಿಟ್ಟೆ. ಅದೇ ನನ್ನ ತಪ್ಪು.

.38 ಅನ್ನುವುದು ಒಂದು ತೋಟೆಯ (ಕಾಡತೂಸಿನ) ಹೆಸರಲ್ಲ, ಒಂದು ಮನೆತನದ ಹೆಸರು ಇದ್ದ ಹಾಗೆ. ಅದರಲ್ಲಿ ಇಲ್ಲಿಗೆ ಬೇಕಾದವು ಎರಡು. ಒಂದು ಗಿಡ್ಡದ್ದು. ಅಮೆರಿಕದಲ್ಲಿ ಅದು .38 ಸ್ಮಿತ್ ಆಂಡ್ ವೆಸನ್, ಬ್ರಿಟಿಷರಿಗೆ ಅದೇ .38/200, ಅವರ ಸೈನ್ಯದ ಕಾಗದದಲ್ಲಿ .380. ಮೂರು ಹೆಸರು, ಚಿಪ್ಪು, ಅಂದರೆ ಮದ್ದು ತುಂಬುವ ಹಿತ್ತಾಳೆ ಕೊಳವೆ, ಮಾತ್ರ ಒಂದೇ. 200 ಅಂದರೆ ಗುಂಡಿನ ತೂಕ, 200 ಗ್ರೇನ್, ಸುಮಾರು 13 ಗ್ರಾಂ. ಇನ್ನೊಂದು ಉದ್ದದ್ದು, .38 ಸ್ಪೆಷಲ್. ಅಂಗಡಿಯಲ್ಲಿ ನಾವು ಗಿಡ್ಡ ಮೂವತ್ತೆಂಟು, ಉದ್ದ ಮೂವತ್ತೆಂಟು ಅಂತಲೇ ಕರೆಯುವುದು. ಇಲ್ಲೂ ಹಾಗೇ ಬರೆಯುತ್ತೇನೆ.

ತಮಾಷೆ ಏನೆಂದರೆ, ಎರಡರ ಗುಂಡೂ .38 ಇಂಚು ಇಲ್ಲ. ಗಿಡ್ಡದರ ಗುಂಡು .361 ಇಂಚು, ಉದ್ದದ್ದರದು .358. ಹಿತ್ತಾಳೆ ಚಿಪ್ಪಿನ ಹೊರ ಅಳತೆ ಮಾತ್ರ .38ರ ಹತ್ತಿರ ಬರುತ್ತದೆ. ಅಲ್ಲೂ ವ್ಯತ್ಯಾಸ ಇದೆ. ಗಿಡ್ಡದರ ಚಿಪ್ಪು ಸ್ವಲ್ಪ ದಪ್ಪ, .386 ಇಂಚು. ಉದ್ದದ್ದು ತೆಳ್ಳಗೆ, .379. ನಮ್ಮ ಲೆಕ್ಕದಲ್ಲಿ 9.80 ಮತ್ತು 9.63 ಮಿ.ಮೀ. ಉದ್ದ 19.7 ಮತ್ತು 29.3 ಮಿ.ಮೀ. ಈ ನಾಲ್ಕು ಅಂಕಿ ನೆನಪಿರಲಿ, ಇಡೀ ಪ್ರಕರಣ ಇದರ ಮೇಲೇ ನಿಂತಿದೆ.

ಮೊದಲ ದಿನ ನಾನು ನೋಡಿದ್ದು ಹೀಗೆ. ಸಿಲಿಂಡರ್ ತೆರೆದು ತೋಟೆ ಕೂರುವ ಆರೂ ಕೋಣೆ ಖಾಲಿ ಅಂತ ಖಚಿತ ಮಾಡಿಕೊಂಡೆ. ಮೈ ಮೇಲೆ ಯುದ್ಧಕಾಲದ ಮಂಕು ಬೂದು ಬಣ್ಣ, ಹೊಳಪಿಲ್ಲ. ಹಿಡಿಯ ಮರ ನುಣುಪು, ಗೆರೆ ಕೊರೆದಿಲ್ಲ. ಹಿಡಿಯ ಬುಡದಲ್ಲಿ ಹಗ್ಗ ಕಟ್ಟುವ ಬಳೆ. ಅದರ ಪಕ್ಕ ನಂಬರ್, ಮುಂದೆ ಇಂಗ್ಲಿಷಿನ ವಿ ಅಕ್ಷರ. ವಿ ಅಂದರೆ ವಿಕ್ಟರಿ. 1942ರಲ್ಲಿ ಈ ಸಾಲಿನ ನಂಬರ್ ಹತ್ತು ಲಕ್ಷ ಮುಟ್ಟಿದಾಗ ಕಂಪನಿ ಹೊಸ ಸಾಲು ಶುರು ಮಾಡಿ ಈ ಅಕ್ಷರ ಹಾಕಿತು. ಚೌಕಟ್ಟಿನ ನೆತ್ತಿ ಮೇಲೆ ಯುನೈಟೆಡ್ ಸ್ಟೇಟ್ಸ್ ಪ್ರಾಪರ್ಟಿ ಅನ್ನುವ ಮುದ್ರೆ. ಲೆಂಡ್ ಲೀಸ್ ಒಪ್ಪಂದದಲ್ಲಿ ಅಮೆರಿಕ ಬ್ರಿಟನ್ನಿಗೆ ಕಳಿಸಿದ ಮಾಲಿನ ಗುರುತು ಅದು. ನಳಿಗೆಯ ಬದಿಯಲ್ಲಿ 38 ಎಸ್ ಆಂಡ್ ಡಬ್ಲ್ಯು ಸಿಟಿಜಿ (38 ಸ್ಮಿತ್ ಆಂಡ್ ವೆಸನ್ ಕಾರ್ಟ್ರಿಜ್). ಅಂದರೆ ಗಿಡ್ಡ ಮೂವತ್ತೆಂಟು. ಹುಟ್ಟುವಾಗಲೇ ಉದ್ದದ್ದಾಗಿದ್ದರೆ ಅಲ್ಲಿ ಸ್ಪೆಷಲ್ ಅನ್ನುವ ಪದವೂ ಇರಬೇಕಿತ್ತು.

ನಳಿಗೆಯ ಮೇಲೂ ಸಿಲಿಂಡರಿನ ಮೇಲೂ ಬರ್ಮಿಂಗ್‌ಹ್ಯಾಂನ ಪರೀಕ್ಷಾ ಮುದ್ರೆ: ಕಿರೀಟ, ಕೆಳಗೆ ಬಿ.ಎನ್.ಪಿ. ಜೊತೆಗೆ "ನಾಟ್ ಇಂಗ್ಲಿಷ್ ಮೇಕ್". ಪಕ್ಕದಲ್ಲಿ .38, .767 ಇಂಚು, ಮೂರೂವರೆ ಟನ್ (ಒತ್ತಡದ ಲೆಕ್ಕ). ಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಮಿಕ್ಕ ರಿವಾಲ್ವರ್‌ಗಳನ್ನು ಜನರಿಗೆ ಮಾರುವಾಗ ಪರೀಕ್ಷೆ ಮಾಡಿ ಹೀಗೆ ಒತ್ತಬೇಕಿತ್ತು. ಇದರಲ್ಲಿ .767 ಅನ್ನುವುದೇ ಮುಖ್ಯ. ಅದು ಚಿಪ್ಪಿನ ಉದ್ದ, ಮಿ.ಮೀ. ಲೆಕ್ಕದಲ್ಲಿ ಹತ್ತೊಂಬತ್ತೂವರೆ. ಗಿಡ್ಡದೇ.

ನಂಬರ್‌ಗಳನ್ನು ತಾಳೆ ನೋಡಿದೆ. ಹಿಡಿಯ ಬುಡ, ಸಿಲಿಂಡರಿನ ಹಿಂಭಾಗ, ನಳಿಗೆಯ ಕೆಳಗೆ. ಮೂರೂ ಒಂದೇ. ಠೇವಣಿಗೆ ತಂದಿದ್ದ ಏಳು ತೋಟೆಗಳೂ ಗಿಡ್ಡವು. ಬುಡದಲ್ಲಿ ಕೆ.ಎಫ್. ಅಂತ ಇತ್ತು, ಅಂದರೆ ಪುಣೆ ಪಕ್ಕದ ಖಡಕಿ ಕಾರ್ಖಾನೆಯವು. ನನ್ನ ಬಳಿ ಇದ್ದ ಗಿಡ್ಡ ಡಮ್ಮಿಯನ್ನು (ಮದ್ದಿಲ್ಲದ ತೋಟೆ) ಆರೂ ಕೋಣೆಗೆ ಹಾಕಿದೆ. ಸಲೀಸಾಗಿ ಕೂತಿತು, ಸಿಲಿಂಡರ್ ಮುಚ್ಚಿತು. ದೀಪದ ಎದುರು ಹಿಡಿದು ಕೋಣೆಯೊಳಗೆ ನೋಡಿದೆ. 20 ಮಿ.ಮೀ. ಆಸುಪಾಸಿನಲ್ಲಿ ಕಪ್ಪು ಉಂಗುರ ಕಾಣಿಸಿತು. ಗಿಡ್ಡ ಕೋಣೆಯ ಮೆಟ್ಟಿಲು, ಅಂದರೆ ಚಿಪ್ಪಿನ ಜಾಗ ಮುಗಿದು ಗುಂಡು ಹಾಯುವ ಕಿರಿದಾದ ಗಂಟಲು ಶುರುವಾಗುವ ಅಂಚು, ಇರಬೇಕಾದ ಜಾಗವೇ. ಸರಿ, ಒರಿಜಿನಲ್ ಅಂತ ರಿಜಿಸ್ಟರಿನಲ್ಲಿ ಬರೆದೆ.

ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿತ್ತು. ಹಾಗಾಗಿ ನಳಿಗೆಯ ಉದ್ದ ಅಳೆಯುವ ಗೋಜಿಗೂ ಹೋಗಲಿಲ್ಲ. ಮಳೆ ಜೋರಾಗುವ ಮೊದಲು ಬಸ್ಸು ಹಿಡಿಯಬೇಕು ಅಂತ ಅವರಿಗೂ ಅವಸರ. ನನಗೂ ಊಟದ ಹೊತ್ತು.

ಎಂಟು ದಿನ ಬಿಟ್ಟು ಅವರು ಮತ್ತೆ ಬಂದರು. ಅಜ್ಜನ ಮೇಜಿನ ಖಾನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತಂತೆ. ಒಳಗೆ ಹಳೆ ರಸೀದಿ, ಕನ್ನಡಕದ ಒಂದು ಗಾಜು, ಮತ್ತು ಮೂರು ಖಾಲಿ ಚಿಪ್ಪು. "ಇದನ್ನೂ ಕೊಡಬೇಕಾ ಅಂತ ಗೊತ್ತಾಗಲಿಲ್ಲ" ಎಂದರು.

ನಾನು ಒಂದನ್ನು ಬೆರಳಲ್ಲಿ ಹಿಡಿದವನು ಹಾಗೇ ಕೂತುಬಿಟ್ಟೆ. ಅದು ಉದ್ದ ಮೂವತ್ತೆಂಟು.

ಚಿಪ್ಪಿನ ಆಕಾರವೂ ಸರಿ ಇರಲಿಲ್ಲ. ಹೊಸ ಚಿಪ್ಪು ಬುಡದಿಂದ ಬಾಯಿವರೆಗೆ ನೇರ ಕೊಳವೆ. ಇದರ ಕೆಳಗಿನ ಅರ್ಧಕ್ಕಿಂತ ಜಾಸ್ತಿ ಭಾಗ ಉಬ್ಬಿತ್ತು. ಮೇಲೆ ಹೋಗುತ್ತಾ ಸಣ್ಣದೊಂದು ಭುಜ, ಆಮೇಲೆ ನೇರ. ಊಟವಾದ ಮೇಲೆ ಹೊಟ್ಟೆ ಬಂದ ಹಾಗೆ. ಉಗುರಿನಿಂದ ಸವರಿದರೆ ಆ ಭುಜ ತಗಲುತ್ತಿತ್ತು. ಎರಡನೇ ಚಿಪ್ಪಿನಲ್ಲಿ ಉಬ್ಬಿನ ಮೇಲೆ ಉದ್ದಕ್ಕೆ ಕೂದಲೆಳೆಯಂಥ ಸೀಳು, ಅದರ ಅಂಚಲ್ಲಿ ಮಸಿ. ಮೂರನೆಯದು ಒಡೆದಿರಲಿಲ್ಲ, ಆದರೆ ಒಂದು ಕಡೆ ಮಾತ್ರ ಜಾಸ್ತಿ ಉಬ್ಬಿತ್ತು.

ಕ್ಯಾಲಿಪರ್ ಇಟ್ಟೆ. ಉಬ್ಬಿನ ಮೇಲೆ 9.84. ಭುಜ ದಾಟಿದ ಮೇಲೆ 9.65. ಬುಡದಿಂದ ಭುಜದ ತನಕ ಸುಮಾರು 20 ಮಿ.ಮೀ.

ತೆಳ್ಳಗಿನ ಚಿಪ್ಪು ದಪ್ಪ ಕೋಣೆಯೊಳಗೆ ಸಿಡಿದರೆ ಗೋಡೆ ಸಿಗುವ ತನಕ ಹಿಗ್ಗುತ್ತದೆ. ಹಿತ್ತಾಳೆ ತಾಳಿದರೆ ಉಬ್ಬು, ತಾಳದಿದ್ದರೆ ಸೀಳು. ಆದರೆ ಮುಟ್ಟದ ಗಿಡ್ಡ ಕೋಣೆಗೆ ಉದ್ದ ತೋಟೆ ಪೂರ್ತಿ ಹೋಗುವುದೇ ಇಲ್ಲ. 20 ಮಿ.ಮೀ. ಒಳಗೆ ಹೋಗಿ ಮೆಟ್ಟಿಲಿಗೆ ತಾಗಿ ನಿಲ್ಲುತ್ತದೆ, ಮಿಕ್ಕಿದ್ದು ಹೊರಗೆ ಚಾಚಿಕೊಂಡಿರುತ್ತದೆ, ಸಿಲಿಂಡರ್ ಮುಚ್ಚುವುದಿಲ್ಲ. ಚಿಪ್ಪು ಸಿಡಿದಿದೆ ಅಂದಮೇಲೆ ಅದು ಒಳಗೆ ಹೋಗಿದೆ. ಹೋಗಿದೆ ಅಂದಮೇಲೆ ಯಾರೋ ಕೋಣೆಯನ್ನು ಮುಂದಕ್ಕೆ ಕೊರೆದಿದ್ದಾರೆ.

ತಿಜೋರಿಯಿಂದ ರಿವಾಲ್ವರ್ ತೆಗೆದು ಈ ಸಲ ಉದ್ದ ಡಮ್ಮಿ ಹಾಕಿದೆ. ಸದ್ದಿಲ್ಲದೆ ಬುಡದ ತನಕ ಇಳಿಯಿತು. ಆರೂ ಕೋಣೆಗೆ.

ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಒಂದು ಕೀಲಿಕೈ ಬೀಗ ತೆರೆಯಿತು ಅಂದರೆ ಇನ್ನೊಂದು ತೆರೆಯುವುದಿಲ್ಲ ಅಂತ ಅರ್ಥವಲ್ಲ. ಕೊರೆದ ಕೋಣೆಗೆ ಗಿಡ್ಡದ್ದೂ ಹಿಡಿಸುತ್ತದೆ, ಯಾಕೆಂದರೆ ಹಿಂದಿನ ಅಗಲ ಜಾಗ ಹಾಗೇ ಉಳಿದಿರುತ್ತದೆ. ನಾನು ಮಾಡಿದ ಪರೀಕ್ಷೆ ಒರಿಜಿನಲ್ ಬಂದೂಕಿನಲ್ಲೂ ಪಾಸ್, ಬದಲಾಯಿಸಿದ ಬಂದೂಕಿನಲ್ಲೂ ಪಾಸ್. ಅಂಥ ಪರೀಕ್ಷೆ ಮಾಡಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಹಾಗಾದರೆ ಆ ಕಪ್ಪು ಉಂಗುರ? ಬಟ್ಟೆಗೆ ದ್ರಾವಣ ಹಾಕಿ ಉಜ್ಜಿದೆ. ಅರ್ಧ ಬಂತು. ಅದು ಮಸಿ ಮತ್ತು ಗಟ್ಟಿಯಾದ ಎಣ್ಣೆ. ಕರಾವಳಿಯ ಹಳೆ ಬಂದೂಕುಗಳಲ್ಲಿ ಇದು ಯಾವತ್ತೂ ಇದ್ದದ್ದೇ, ತೆಂಗಿನೆಣ್ಣೆ ಹಾಕಿಟ್ಟಿರುತ್ತಾರೆ. ಮೊದಲು ಜಾರುತ್ತದೆ, ವರ್ಷ ಕಳೆದರೆ ಅಂಟಾಗುತ್ತದೆ. ಉದ್ದ ಕೋಣೆಯಲ್ಲಿ ಗಿಡ್ಡ ತೋಟೆ ಹೊಡೆದಾಗ ಚಿಪ್ಪಿನ ಬಾಯಿ ನಿಲ್ಲುವ ಜಾಗದಲ್ಲಿ ಮಸಿ ಕೂರುತ್ತದೆ. ಎರಡೂ ಸೇರಿ ಮೆಟ್ಟಿಲಿನ ವೇಷ ಹಾಕಿದ್ದವು. ಉಜ್ಜಿದ ಮೇಲೆ ಅಲ್ಲಿ ನಿಜವಾದ ಮೆಟ್ಟಿಲಿನ ಒಂದು ನೆರಳು ಮಾತ್ರ ಉಳಿಯಿತು. ಪೂರ್ತಿ ಮೆಟ್ಟಿಲು ಇದ್ದದ್ದು ಇನ್ನೂ ಒಂದು ಸೆಂಟಿಮೀಟರ್ ಮುಂದೆ.

ಕಣ್ಣಿನ ಮೇಲೆ ನಂಬಿಕೆ ಹೋದ ಮೇಲೆ ಎರಕ ಹೊಯ್ಯುವುದೇ ದಾರಿ. ಸೆರೋಸೇಫ್ ಅಂತ ಒಂದು ಮಿಶ್ರಲೋಹ ಸಿಗುತ್ತದೆ. 90 ಡಿಗ್ರಿ ಸೆಲ್ಸಿಯಸ್ ಒಳಗೇ ಕರಗುತ್ತದೆ, ಅಂದರೆ ನೀರು ಕುದಿಯುವ ಮೊದಲೇ. ಕೋಣೆಯ ಮುಂದಿನ ಬಾಯಿಗೆ ಬಟ್ಟೆ ತುರುಕಿ ಹೊಯ್ಯಬೇಕು. ತಣಿಯುವಾಗ ಮೊದಲು ಸ್ವಲ್ಪ ಕುಗ್ಗುತ್ತದೆ, ಆಗ ಹೊರಗೆ ತೆಗೆಯಬಹುದು. ಆಮೇಲೆ ನಿಧಾನ ಹಿಗ್ಗುತ್ತದೆ. ಹೊಯ್ದು ಸುಮಾರು ಒಂದು ಗಂಟೆಗೆ ಕೋಣೆಯ ನಿಜ ಅಳತೆಗೆ ಬರುತ್ತದೆ. ಆ ಒಂದು ಗಂಟೆ ತಾಳ್ಮೆ ಇಲ್ಲದವರು ತಪ್ಪು ಅಂಕಿ ಬರೆಯುತ್ತಾರೆ. ನಾವು ಎದುರಿನ ಹೋಟೆಲಿಂದ ಚಹಾ, ಗೋಳಿಬಜೆ ತರಿಸಿಕೊಂಡು ಕೂತೆವು.

ಎರಕ ಹೇಳಿದ್ದು: ಹಿಂದಿನಿಂದ 20 ಮಿ.ಮೀ. ತನಕ 9.86. ಅಲ್ಲಿಂದ ಇಪ್ಪತ್ತೊಂಬತ್ತೂವರೆ ತನಕ 9.67. ಆಮೇಲೆ ಗುಂಡು ಹಾಯುವ ಗಂಟಲು. ಒಂದೇ ಕೋಣೆಯಲ್ಲಿ ಎರಡು ತೋಟೆಗಳ ಅಚ್ಚು. ಬೆಳ್ಳಿ ಬಣ್ಣದ ಆ ತುಂಡನ್ನು ಬಿಸ್ಕತ್ತಿನ ಡಬ್ಬಿಯ ಚಿಪ್ಪಿನ ಪಕ್ಕ ನಿಲ್ಲಿಸಿದರೆ ಅಣ್ಣ ತಮ್ಮನ ಹಾಗೆ ಕಂಡವು. ಐದನೇ ಕೋಣೆಯ ಎರಕದಲ್ಲಿ ಭುಜ ಒಂದು ಪಕ್ಕಕ್ಕೆ ದಪ್ಪ, ಇನ್ನೊಂದು ಪಕ್ಕಕ್ಕೆ ಇಲ್ಲವೇ ಇಲ್ಲ ಅನ್ನುವಷ್ಟು. ಕೊರೆದ ಉಪಕರಣ ನಡುವಲ್ಲಿ ಹೋಗಿಲ್ಲ. ಒಂದೇ ಕಡೆ ಉಬ್ಬಿದ ಚಿಪ್ಪು ಯಾವ ಕೋಣೆಯದು ಅಂತ ಬೇರೆ ಹೇಳಬೇಕಾಗಿಲ್ಲ.

ಇನ್ನು ನಳಿಗೆ. ಮೆತ್ತಗಿನ ಸೀಸದ ತುಂಡೊಂದನ್ನು ಮೂತಿಯಿಂದ ತಳ್ಳಿ ತೆಗೆದೆ. ಇಲ್ಲಿ ಹೊಸಬರು ಎಡವುವ ಒಂದು ಜಾಗ ಇದೆ. ಸ್ಮಿತ್ ಆಂಡ್ ವೆಸನ್ ನಳಿಗೆಯಲ್ಲಿ ಐದು ಗಾಡಿ, ಅಂದರೆ ಗುಂಡು ತಿರುಗಲು ಒಳಗೆ ಸುರುಳಿಯಾಗಿ ಕೊರೆದ ತೋಡು. ಬೆಸ ಸಂಖ್ಯೆ. ಒಂದು ಗಾಡಿಯ ಎದುರಿಗೆ ಇನ್ನೊಂದು ಗಾಡಿ ಬರುವುದಿಲ್ಲ, ದಿಣ್ಣೆ ಬರುತ್ತದೆ. ಹಾಗಾಗಿ ಮೈಕ್ರೋಮೀಟರಿನ ಎರಡು ದವಡೆ ನಡುವೆ ನೇರ ಹಿಡಿದರೆ ನಿಜಕ್ಕಿಂತ ಕಮ್ಮಿ ತೋರಿಸುತ್ತದೆ. ಗಿಡ್ಡ ನಳಿಗೆಯನ್ನು ಉದ್ದದ್ದು ಅಂತ ತಪ್ಪು ತಿಳಿಯಲು ಅಷ್ಟೇ ಸಾಕು. 0.05 ಮಿ.ಮೀ. ದಪ್ಪದ ತಗಡಿನ ಪಟ್ಟಿಯನ್ನು ಸೀಸದ ಸುತ್ತ ಬಿಗಿಯಾಗಿ ಒಂದು ಸುತ್ತು ಸುತ್ತಿ ಅಳೆದೆ. 9.27 ಬಂತು. ಪಟ್ಟಿಯ ಎರಡು ಪದರ ಕಳೆದರೆ 9.17. ಇಂಚಿನಲ್ಲಿ .361. ನಳಿಗೆಯ ಒಳಗು ಗಿಡ್ಡ ಮೂವತ್ತೆಂಟಾಗಿಯೇ ಉಳಿದಿದೆ. ಬದಲಾದದ್ದು ಸಿಲಿಂಡರ್ ಮಾತ್ರ.

ಕೊನೆಗೂ ನಳಿಗೆಯ ಉದ್ದ ಅಳೆದೆ. ನಾಲ್ಕು ಇಂಚಿಗೆ ಒಂದು ಕೂದಲು ಕಮ್ಮಿ. ಬ್ರಿಟಿಷರಿಗೆ ಹೋದ ವಿಕ್ಟರಿಯ ಮಾಮೂಲಿ ನಳಿಗೆ ಐದು ಇಂಚು. ಮುಂದಿನ ಗುರಿಮಣಿ ನೋಡಿದೆ. ಅಸಲಿನಲ್ಲಿ ಅದು ನಳಿಗೆಯ ಜೊತೆ ಒಂದೇ ಉಕ್ಕಿನ ಅರ್ಧಚಂದ್ರ. ಇಲ್ಲಿ ಬುಡದಲ್ಲಿ ತೆಳ್ಳಗೆ ಬೆಸುಗೆಯ ಗೆರೆ. ಬೂದು ಬಣ್ಣದ ಮೇಲೆ ಅಷ್ಟು ಭಾಗಕ್ಕೆ ಮಾತ್ರ ನೀಲಿ ಛಾಯೆ. ಮೊದಲ ದಿನ ಇದು ಕಣ್ಣೆದುರೇ ಇತ್ತು. ಮುದ್ರೆ ಓದುವುದರಲ್ಲಿ ಮುಳುಗಿದ್ದ ನನಗೆ ಕಾಣಲಿಲ್ಲ.

ಇಂಥ ಬದಲಾವಣೆ ಹೊಸದೇನೂ ಅಲ್ಲ. ಯುದ್ಧದ ನಂತರ ಗಿಡ್ಡ ಮೂವತ್ತೆಂಟಿನ ರಿವಾಲ್ವರ್ ರಾಶಿ ಬಿದ್ದಿತ್ತು, ಅಮೆರಿಕದ ಪೇಟೆಯಲ್ಲಿ ಕೇಳಿಕೆ ಇದ್ದದ್ದು ಉದ್ದದ್ದಕ್ಕೆ. ವಿಕ್ಟರಿಯ ಚೌಕಟ್ಟು, ಸಿಲಿಂಡರಿನ ಉದ್ದ ಎರಡಕ್ಕೂ ಒಂದೇ ಆದ್ದರಿಂದ ಬ್ರಿಟನ್ನಿನ ಕೆಲವು ಹೆಸರುವಾಸಿ ಬಂದೂಕು ಕಂಪನಿಗಳೇ ಕೋಣೆ ಕೊರೆದು, ನಳಿಗೆ ಕತ್ತರಿಸಿ, ಹೊಳಪು ಕೊಟ್ಟು ಮಾರಿದವು. ಬ್ರಿಟಿಷರ ವೆಬ್ಲಿ ರಿವಾಲ್ವರಿಗೂ ಇದೇ ಕಥೆ, ರೀತಿ ಬೇರೆ. 1915ರ ಮಾರ್ಕ್ 6 ವೆಬ್ಲಿ .455ರದ್ದು. ಅದನ್ನು .45 ಎಸಿಪಿ ಅನ್ನುವ ಪಿಸ್ತೂಲಿನ ತೋಟೆಗೆ ಒಗ್ಗಿಸಲು ಸಿಲಿಂಡರಿನ ಹಿಂಭಾಗವನ್ನೇ ತೆಳ್ಳಗೆ ಕೆತ್ತುತ್ತಿದ್ದರು. ಅಂಚಿಲ್ಲದ ಆ ತೋಟೆಗಳನ್ನು ಹಿಡಿಯಲು ಅರ್ಧಚಂದ್ರದ ಕ್ಲಿಪ್ ಬೇಕು, ಕ್ಲಿಪ್ಪಿಗೆ ಜಾಗ ಬೇಕು. ಹಾಗಾಗಿ ವೆಬ್ಲಿಯಲ್ಲಿ ಸಿಲಿಂಡರಿಗೂ ಹಿಂದಿನ ಗೋಡೆಗೂ ನಡುವಿನ ಅಂತರ ನೋಡಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ವಿಕ್ಟರಿಯಲ್ಲಿ ಹೊರಗಿಂದ ಏನೂ ಕಾಣುವುದಿಲ್ಲ. ಅದಕ್ಕೇ ಅದು ಜಾಸ್ತಿ ಕಳ್ಳ.

ಈ ಬಂದೂಕಿನ ಕೆಲಸ ದೊಡ್ಡ ಕಂಪನಿಯದ್ದು ಅಂತ ನನಗನಿಸುವುದಿಲ್ಲ. ಕಂಪನಿ ಕೆಲಸಕ್ಕೆ ಕಂಪನಿಯ ಹೆಸರು ಇರುತ್ತದೆ, ಉದ್ದ ಚಿಪ್ಪಿಗೆ ಹೊಸದಾಗಿ ಪರೀಕ್ಷೆ ಮಾಡಿದ ಮುದ್ರೆ ಇರಬೇಕು. ಇಲ್ಲಿರುವುದು ಹಳೆ .767 ಒಂದೇ. ಅಂದರೆ ಪರೀಕ್ಷೆ ಮುಗಿದ ಮೇಲೆ ಯಾರೋ ಕೊರೆದಿದ್ದಾರೆ. ಐದನೇ ಕೋಣೆ ಸೊಟ್ಟ ಆಗಿರುವುದೂ ಅದನ್ನೇ ಹೇಳುತ್ತದೆ. ಮೊದಲ ದಿನ ನಂಬರ್‌ಗಳು ತಾಳೆಯಾದದ್ದು ನನಗೆ ಧೈರ್ಯ ಕೊಟ್ಟಿತ್ತು. ಸಿಲಿಂಡರ್ ಬದಲಾಯಿಸಿದ್ದರೆ ನಂಬರ್ ಬೇರೆ ಇರುತ್ತಿತ್ತು. ಅದೇ ಸಿಲಿಂಡರನ್ನು ಕೊರೆದರೆ ನಂಬರ್ ಎಲ್ಲಿಗೆ ಹೋಗುತ್ತದೆ?

ಮೊಮ್ಮಗಳು ಕೇಳಿದರು, "ಅಪಾಯ ಇತ್ತಾ? ಅಜ್ಜ ಹೊಡೆದಿದ್ದಾರಲ್ವಾ?" ಹೊಡೆದಿದ್ದಾರೆ, ಚಿಪ್ಪು ಒಡೆದಿದೆ. ಇವತ್ತಿನ ಅಮೆರಿಕದ ಮಾನದಂಡದಲ್ಲಿ ಗಿಡ್ಡದರ ಒತ್ತಡದ ಮಿತಿ ಚದರ ಇಂಚಿಗೆ 14,500 ಪೌಂಡ್, ಉದ್ದದ್ದರದು 17,000. ಮುದ್ರೆಯ ಮೂರೂವರೆ ಟನ್ನನ್ನು ಇದರ ಪಕ್ಕ ಇಟ್ಟು ಲೆಕ್ಕ ಹಾಕಬಾರದು, ಅಳೆಯುವ ವಿಧಾನವೇ ಬೇರೆ. ಆದರೆ ಒಡೆದ ಚಿಪ್ಪಿನಿಂದ ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತದೆ. ಹಿಂದೆ ಇರುವುದು ಹೊಡೆಯುವವನ ಕಣ್ಣು. ಇನ್ನೊಂದು, .358ರ ಗುಂಡು .361ರ ನಳಿಗೆಯಲ್ಲಿ ಸಡಿಲ, ಗುರಿ ಹೇಗೆ ನಿಲ್ಲಬೇಕು? ನನ್ನ ಅಭಿಪ್ರಾಯ ಕೇಳಿದರೆ ಈ ರಿವಾಲ್ವರಿನಲ್ಲಿ ಯಾವ ತೋಟೆಯನ್ನೂ ಹೊಡೆಯಬಾರದು. ಉದ್ದದ್ದಂತೂ ಬೇಡವೇ ಬೇಡ.

"ಇಷ್ಟು ಹಳೇದು, ಆಂಟಿಕ್ ಅಂತ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾ?" ಇದನ್ನು ಎಲ್ಲರೂ ಕೇಳುತ್ತಾರೆ. ಆಗುವುದಿಲ್ಲ. ಕಾಯ್ದೆಯ 45ನೇ ಸೆಕ್ಷನ್‌ನಲ್ಲಿ ಹಳೆ ಆಯುಧಕ್ಕೆ ವಿನಾಯಿತಿ ಇರುವುದು ನಿಜ, ಆದರೆ ರಿಪೇರಿ ಮಾಡಿದರೂ ಬಂದೂಕಾಗಿ ಕೆಲಸಕ್ಕೆ ಬಾರದಂಥದ್ದಕ್ಕೆ ಮಾತ್ರ. ಇದು ಸಿಡಿಯುತ್ತದೆ. ಜೊತೆಗೆ .38 ನಮ್ಮಲ್ಲಿ ನಿಷೇಧಿತ ಬೋರ್. ಅದರ ಲೈಸೆನ್ಸಿಗೆ ಕೇಂದ್ರ ಗೃಹ ಸಚಿವಾಲಯದ ತನಕ ಕಾಗದ ಹೋಗಬೇಕು, ಮಣಿಪಾಲದ ರಜತಾದ್ರಿಯಲ್ಲಿ, ಅಂದರೆ ಉಡುಪಿ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಮುಗಿಯುವ ಕೆಲಸ ಅಲ್ಲ. ಅಷ್ಟು ದೂರ ಹೋಗುವ ಕಾಗದದಲ್ಲಿ ಗಿಡ್ಡದ್ದು ಅಂತ ಬರೆದು, ಮುಂದೆ ಯಾರೋ ಪರೀಕ್ಷಕರು ಉದ್ದ ತೋಟೆ ಹಾಕಿ ನೋಡಿದರೆ ಉತ್ತರ ಕೊಡಬೇಕಾದವರು ಇವರು. ನಳಿಗೆ ಕತ್ತರಿಸಿದ್ದಂತೂ 6ನೇ ಸೆಕ್ಷನ್‌ನ ಮಾತು, ಲೈಸೆನ್ಸ್ ಇಲ್ಲದೆ ನಳಿಗೆ ಗಿಡ್ಡ ಮಾಡುವಂತಿಲ್ಲ. ಅಜ್ಜ ಕತ್ತರಿಸಿದ್ದಲ್ಲ ಅಂತ ನಾನು ನಂಬುತ್ತೇನೆ. ಬೆಸುಗೆಯ ಗೆರೆಯ ಮೇಲಿನ ತುಕ್ಕು ಅಜ್ಜನ ಲೈಸೆನ್ಸಿಗಿಂತ ಈಚಿನದಲ್ಲ. ಆದರೆ ನನ್ನ ನಂಬಿಕೆ ದಾಖಲೆ ಆಗುವುದಿಲ್ಲವಲ್ಲ.

ರಿಜಿಸ್ಟರಿನಲ್ಲಿ ನಾನು ಬರೆದಿದ್ದ ಒರಿಜಿನಲ್ ಅನ್ನುವ ಪದದ ಮೇಲೆ ಒಂದು ಗೆರೆ ಎಳೆದು, ಸಹಿ ಹಾಕಿ, ಕೆಳಗೆ ಬರೆದೆ: "ತಯಾರಿಕೆಯಲ್ಲಿ .38 ಸ್ಮಿತ್ ಆಂಡ್ ವೆಸನ್. ಕೋಣೆಗಳನ್ನು .38 ಸ್ಪೆಷಲ್ ಉದ್ದಕ್ಕೆ ಕೊರೆಯಲಾಗಿದೆ. ನಳಿಗೆಯ ಒಳ ಅಳತೆ ಮೂಲದ್ದೇ, ಉದ್ದ ಕತ್ತರಿಸಲಾಗಿದೆ. ಮರುಪರೀಕ್ಷೆಯ ಮುದ್ರೆ ಇಲ್ಲ. ಬಳಸಲು ಯೋಗ್ಯವಲ್ಲ." ಎರಕದ ಅಳತೆಗಳನ್ನು ಕೋಣೆ ಪ್ರಕಾರ ಪಕ್ಕದಲ್ಲಿ ಹಾಕಿದೆ. ಅವರ ಅರ್ಜಿಗೂ ಇದೇ ಸಾಲು ಹೋಯಿತು.

ಅವರಿಗೆ ಬಂದೂಕು ಬೇಡವಾಗಿತ್ತು. ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಿದರು. ಚಿಪ್ಪುಗಳನ್ನೂ ಠೇವಣಿಯ ಪಟ್ಟಿಗೆ ಸೇರಿಸಿದೆವು. ಡಬ್ಬಿಯಲ್ಲಿದ್ದ ಕನ್ನಡಕದ ಗಾಜನ್ನು ಪರ್ಸಿಗೆ ಹಾಕಿಕೊಂಡರು. ಬಾಗಿಲ ತನಕ ಹೋದವರು ತಿರುಗಿ ಬಂದು, "ಆ ಬೈರಾಸು ಕೊಡಿ, ಅದು ಅಜ್ಜನದ್ದು" ಎಂದರು. ಎಣ್ಣೆ ಹಿಡಿದಿತ್ತು. ಹಾಗೇ ಮಡಚಿ ತಗೊಂಡು ಹೋದರು.